ಡಾಕ್ಟ್ರಮ್ಮನಿಗೆ ಹಾಲು ಕೊಡದ ಹಸುಗಳು

ನಮ್ಮ ಡಾಕ್ಟ್ರಮ್ಮ ಹಟ್ಟಿಗೆ ಕಾಲಿಟ್ಟರೆ ಸಾಕು, ಹಸುಗಳು ಕೆಚ್ಚಲಿನ ಹಾಲನ್ನು ಮೇಲಕ್ಕೆ ಎಳೆದುಕೊಂಡುಬಿಡುತ್ತಿದ್ದವು. ಇದನ್ನು ನಾನು ಅವರನ್ನು ಹೀಯಾಳಿಸಲು ಹೇಳುತ್ತಿಲ್ಲ. ಅವರೇ ಎಲ್ಲರೆದುರು ಹೇಳಿಕೊಂಡು ನಗುತ್ತಿದ್ದ ಸಂಗತಿ. ಕೋಡಿಂಬಾಳದ ಸುತ್ತಮುತ್ತ ಅವರ ಸೂಜಿ ತಾಗದ ಹಸು ಇರಲಿಲ್ಲ. ಅವರ ಹಳೆಯ ಸ್ಕೂಟರು ರಬ್ಬರು ತೋಟದ ತಿರುವಿನಲ್ಲಿ ಗುರುಗುಟ್ಟಿದರೆ ನಮ್ಮ ಹಸು ಬೊಳ್ಳಿಯ ಕಿವಿ ನೆಟ್ಟಗಾಗುತ್ತಿತ್ತು, ಬಾಲ ಒಂದು ಸುತ್ತು ತಿರುಗುತ್ತಿತ್ತು. ಹಾಲು ಕರೆಯುವ ಹೊತ್ತಿಗೆ ಅವರು ಬಂದರೆಂದರೆ ಆ ಹೊತ್ತಿನ ಹಾಲಿನ ಆಸೆ ಬಿಡಬೇಕು.

ಸರಕಾರಿ ಪಶು ಆಸ್ಪತ್ರೆಯ ಡಾಕ್ಟರು ಅವರು. ಕೊಯಿಲದ ಕಡೆಯಿಂದ ನಮ್ಮಲ್ಲಿಗೆ ವರ್ಗವಾಗಿ ಬಂದವರು. ಅವರ ಅಪ್ಪನ ಕಾಲದಲ್ಲಿ ಕೇರಳದಿಂದ ಬಂದು ನೆಲ್ಯಾಡಿಯ ಕಡೆ ರಬ್ಬರು ಹಾಕಿದ ಕುಟುಂಬ. ಕುಳ್ಳಗೆ, ಗುಂಡಗೆ, ಚೂಡಿದಾರದ ಪ್ಯಾಂಟನ್ನು ಗಂಬೂಟಿನೊಳಗೆ ತುರುಕಿಕೊಂಡು ಇಳಿಯುತ್ತಿದ್ದರು. ಇಳಿದ ಕೂಡಲೇ ಕತ್ತಿನ ಸರದ ಶಿಲುಬೆಯನ್ನು ಅಂಗಿಯ ಒಳಗೆ ಹಾಕಿಕೊಳ್ಳುವುದು ಅವರ ಮೊದಲ ಕೆಲಸ, ಯಾವುದೋ ಕರು ಒಮ್ಮೆ ಅದನ್ನು ಚೀಪಿತ್ತಂತೆ. ಮನೆಯಲ್ಲಿ ಮಲಯಾಳ, ನಮ್ಮೊಡನೆ ಕನ್ನಡ, ಹಸುಗಳೊಡನೆ ತುಳು. ಸಿಟ್ಟು ಬಂದಾಗ ಮಾತ್ರ ಅದು ಯಾವ ಭಾಷೆ ಎಂದು ಹೇಳಲಾಗುತ್ತಿರಲಿಲ್ಲ.

ಅವರಿಗೆ ಹಾರ್ಮೋನಿನ ಹುಚ್ಚು. ಬೇರೆ ಯಾವ ಹೆಸರೂ ಅದಕ್ಕೆ ಹೊಂದುವುದಿಲ್ಲ, ಹುಚ್ಚೇ. ಮನುಷ್ಯರಿರಲಿ ಪ್ರಾಣಿಗಳಿರಲಿ, ಕುಣಿದರೂ ಅತ್ತರೂ ಮುನಿಸಿಕೊಂಡರೂ ಅವರು ಮೊದಲು ಕೇಳುವುದು, ಒಳಗೆ ಯಾವ ಗ್ರಂಥಿ ಎಂತ ಸುರಿಸಿತು ಎಂದು. ಕಡಬ ಪೇಟೆಯಲ್ಲಿ ಹುಡುಗರು ಬೈಕನ್ನು ಜೋರಾಗಿ ಓಡಿಸಿಕೊಂಡು ಹೋದರೆ ಉಳಿದವರೆಲ್ಲ ಬೈಯುತ್ತಿದ್ದರು. ಇವರು ಚಾದ ಅಂಗಡಿಯ ಬೆಂಚಿನಲ್ಲಿ ಕುಳಿತು, "ಹೋರಿ ಕರು ಬೇಲಿ ಮುರಿದರೆ ಅದಕ್ಕೆ ಬೈತೀರಾ? ಅದರ ಮೈಯಲ್ಲಿ ಈಗ ತಾನೇ ಸುರಿಲಿಕ್ಕೆ ಶುರುವಾಗಿದೆ ಮಾರಾಯ್ರೆ. ಬೇಲಿ ಗಟ್ಟಿ ಮಾಡಿ, ಕರುವಿಗೆ ಹೊಡಿಬೇಡಿ" ಎನ್ನುತ್ತಿದ್ದರು. ಆ ಹುಡುಗರಿಗೆ ಇದು ಬೈಗುಳಕ್ಕಿಂತ ಹೆಚ್ಚು ನಾಟುತ್ತಿತ್ತು. ಹೋರಿ ಕರು ಎನ್ನಿಸಿಕೊಂಡು ಎದೆಯೆತ್ತಿ ಬೈಕು ಓಡಿಸಲು ಯಾರಿಂದ ಆಗುತ್ತದೆ?

ಅವರಿಗೇ ಸಕ್ಕರೆ ಕಾಯಿಲೆ ಇತ್ತು. ಊಟದ ಹೊತ್ತಿಗೆ ಯಾರ ಮನೆಯಲ್ಲಿದ್ದರೂ ಚೀಲದಿಂದ ತಮ್ಮ ಇನ್ಸುಲಿನ್ ತೆಗೆದು, ಹಟ್ಟಿಯ ಗೋಡೆಯ ಕಡೆ ತಿರುಗಿ ಹೊಟ್ಟೆಗೆ ಚುಚ್ಚಿಕೊಳ್ಳುತ್ತಿದ್ದರು. ದಿನವಿಡೀ ಹಸುಗಳಿಗೆ ಚುಚ್ಚುವ ಹೆಂಗಸು ತನಗೆ ಚುಚ್ಚಿಕೊಳ್ಳುವಾಗ ಮಾತ್ರ ಕಣ್ಣು ಬಿಗಿಯಾಗಿ ಮುಚ್ಚಿ, "ಎಂಡೆ ಕರ್ತಾವೇ" ಎಂದು ದೇವರನ್ನು ಕರೆದು ಚೀರುತ್ತಿದ್ದರು. ನಾವು ನಕ್ಕರೆ, "ನಗಿ, ನಗಿ. ಇದು ಕೂಡ ಹಾರ್ಮೋನೇ. ನನ್ನ ಹೊಟ್ಟೆಯೊಳಗಿನ ಗ್ರಂಥಿ ಮುಷ್ಕರ ಮಾಡಿದೆ, ಅದಕ್ಕೆ ನಾನೇ ಹೊರಗಿಂದ ತಂದು ಹಾಕುದು" ಎನ್ನುತ್ತಿದ್ದರು. ಊಟ ತಡವಾದರೆ ಅವರ ಮುಖ ಬೆವರುತ್ತಿತ್ತು. ಆಗ ಮೊದಲೇ ಎಚ್ಚರಿಕೆ ಕೊಡುವರು: "ಈಗ ನನ್ನ ಹತ್ರ ಮಾತಾಡ್ಬೇಡಿ. ಶುಗರ್ ಇಳಿದಿದೆ. ಈಗ ಬರುವ ಕೋಪ ನಂದಲ್ಲ, ಅಡ್ರಿನಲಿನ್ದು." ಒಂದು ಬಾಳೆಹಣ್ಣು ತಿಂದ ಮೇಲೆ ಮತ್ತೆ ಮೊದಲಿನ ನಗು. ನನಗೂ ಕೋಪ ಬೇಗ ಬರುತ್ತದೆ, ಆದರೆ ಬಾಳೆಹಣ್ಣಿಗೆ ಇಳಿಯುವುದಿಲ್ಲ. ಅದು ಅಪ್ಪನ ಕಡೆಯಿಂದ ಬಂದದ್ದು ಎಂದು ಅಮ್ಮ ಹೇಳುತ್ತಾಳೆ.

ನಾನೀಗ ಪುತ್ತೂರಿನ ಹತ್ತಿರ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಹಾರ್ಮೋನಿನ ಪಾಠ ಬಂದಾಗ ನಾನು ಹೇಳುವುದೆಲ್ಲ ಡಾಕ್ಟ್ರಮ್ಮ ನಮ್ಮ ಹಟ್ಟಿಯ ಕಟ್ಟೆಯ ಮೇಲೆ ಕುಳಿತು ನನಗೆ ಹೇಳಿದ್ದೇ.

"ಹಾರ್ಮೋನು ಅಂದ್ರೆ ಎಂತ ಗೊತ್ತುಂಟಾ ಮೋಳೇ? ಮೈಕ್ ಕಟ್ಟಿದ ರಿಕ್ಷಾ. ಪೇಟೆಯಿಂದ ಹೊರಟು ಊರಿಡೀ ಸುತ್ತುತ್ತದೆ. ನಾಳೆ ಕಣ್ಣಿನ ಕ್ಯಾಂಪ್ ಉಂಟು ಅಂತ ಕೂಗ್ತದೆ. ಕೇಳುದು ಎಲ್ಲರಿಗೂ. ಹೋಗುದು ಯಾರು? ಕಣ್ಣು ಮಂಜಾದವರು ಮಾತ್ರ. ಹಾಗೇ ಇದು ರಕ್ತದಲ್ಲಿ ಇಡೀ ಮೈ ಸುತ್ತುತ್ತದೆ. ಯಾವ ಅಂಗಕ್ಕೆ ಆ ಮಾತು ಸಂಬಂಧವೋ ಅದು ಮಾತ್ರ ಎದ್ದು ಕೆಲಸಕ್ಕೆ ಹೊರಡ್ತದೆ. ಉಳಿದದ್ದು ಕಿವಿಗೇ ಹಾಕಿಕೊಳ್ಳುದಿಲ್ಲ."

ಮೋಳೇ ಎಂದರೆ ಮಲಯಾಳದಲ್ಲಿ ಮಗಳೇ. ಅವರಿಗೆ ಮಕ್ಕಳಿರಲಿಲ್ಲ. ಮದುವೆಯಾಗಲು ಪುರುಸೊತ್ತು ಸಿಗಲಿಲ್ಲ ಎಂದು ಅವರೇ ಹೇಳುತ್ತಿದ್ದರು. ಹೆಣ್ಣು ನೋಡಲು ಬಂದ ದಿನವೇ ಯಾರದೋ ಎಮ್ಮೆಗೆ ಕರು ಅಡ್ಡ ಸಿಕ್ಕಿತ್ತಂತೆ, ಇವರು ಮೊಣಕೈವರೆಗೆ ರಕ್ತ ಮಾಡಿಕೊಂಡು ಮನೆಗೆ ಬಂದರಂತೆ, ಹುಡುಗ ಚಾ ಕುಡಿಯದೆ ಎದ್ದನಂತೆ. ನಿಜವೋ ಸುಳ್ಳೋ, ಹೇಳುವಾಗ ಅವರಷ್ಟು ನಗುವವರು ಬೇರೆ ಯಾರೂ ಇರಲಿಲ್ಲ.

ಈಗ ನಮ್ಮ ಮನೆಯ ವಿಷಯಕ್ಕೆ ಬರಬೇಕು. ನನ್ನ ಅಪ್ಪ ಆಗ ಹಾಲಿನ ಸೊಸೈಟಿಯ ಅಧ್ಯಕ್ಷರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಬಿಳಿ ಪಂಚೆ, ಗಂಟಲಲ್ಲಿ ಸಭೆಯ ಸ್ವರ. ಹಟ್ಟಿಗೆ ಹೋಗಿ ಹಸುವಿಗೆ ಹುಲ್ಲು ಹಾಕುವಾಗಲೂ ಠರಾವು ಮಂಡಿಸುವ ಹಾಗೆ ಮಾತಾಡುತ್ತಿದ್ದರು. ಅವರ ಮನೆಮಾತು ತುಳು. ಅಮ್ಮ ಅರಂತೋಡಿನವಳು, ಅವಳ ಬಾಯಲ್ಲಿ ಆ ಕಡೆಯ ಅರೆಭಾಷೆ. ಮದುವೆಯಾದಂದಿನಿಂದ ಅಪ್ಪ ಆ ಭಾಷೆಯನ್ನು ಅಣಕಿಸಿಕೊಂಡೇ ಬಂದವರು. ಅಮ್ಮ ನಮ್ಮೊಡನೆ ತುಳುವಿಗೆ ತಿರುಗಿದಳು. ಹಸುಗಳೊಡನೆ ಮಾತ್ರ ಬಿಡಲಿಲ್ಲ. ಬೊಳ್ಳಿಯ ಹೊಟ್ಟೆಗೆ ತಲೆ ಆನಿಸಿ, "ನಿಲ್ಲ್ ಗೂಡೆ, ನಿಲ್ಲ್" ಎಂದರೆ, ಅಂದರೆ "ನಿಲ್ಲು ಹುಡುಗಿ" ಎಂದರೆ, ಬೊಳ್ಳಿ ಕಣ್ಣು ಅರ್ಧ ಮುಚ್ಚಿ ಹಾಲು ಬಿಡುತ್ತಿದ್ದಳು. ಬೇರೆ ಯಾರು ಕೈ ಹಾಕಿದರೂ ಒದೆ. ನನಗೂ ಬಿದ್ದಿದೆ, ನೆರೆಮನೆಯ ಅಕ್ಕನಿಗೂ ಬಿದ್ದಿದೆ.

ನಾನು ಪುತ್ತೂರಿನ ಹಾಸ್ಟೆಲಿನಲ್ಲಿದ್ದು ಓದುತ್ತಿದ್ದ ವರ್ಷ. ರಜೆಗೆ ಬಂದಾಗಲೆಲ್ಲ ಅಮ್ಮ ಇನ್ನಷ್ಟು ತೆಳ್ಳಗೆ ಕಾಣುತ್ತಿದ್ದಳು. ಊಟ ಮಾತ್ರ ಮೊದಲಿಗಿಂತ ಹೆಚ್ಚು. ಚಳಿಗಾಲದ ಬೆಳಿಗ್ಗೆ ನಾವು ಶಾಲು ಹೊದ್ದರೆ ಅವಳು ಬೆವರುತ್ತಿದ್ದಳು. ಇಡೀ ದಿನ ಓಡಾಟ. ಒರೆಸಿದ ನೆಲವನ್ನೇ ಮತ್ತೆ ಒರೆಸುವುದು, ಸಣ್ಣ ಮಾತಿಗೂ ರೇಗುವುದು, ರೇಗಿದ ಮೇಲೆ ಅಳುವುದು. ಬಂದವರೆಲ್ಲ "ಈ ವಯಸ್ಸಿಗೆ ಎಷ್ಟು ಚುರುಕು!" ಎಂದು ಹೊಗಳುತ್ತಿದ್ದರು. ಅಪ್ಪನಿಗೂ ಹೆಮ್ಮೆ. ಮನೆಯಲ್ಲಿ ಯಾರೂ ಅದನ್ನು ಕಾಯಿಲೆ ಎಂದು ತಿಳಿಯಲಿಲ್ಲ.

ತಿಳಿದದ್ದು ಬೊಳ್ಳಿಗೆ. ಅವಳು ಅಮ್ಮನಿಗೂ ಹಾಲು ಕೊಡುವುದು ಕಡಿಮೆ ಮಾಡಿದಳು. ಕೆಚ್ಚಲು ತುಂಬಿ ಬಿಗಿದಿದ್ದರೂ ಅರ್ಧ ಚೆಂಬಿಗಿಂತ ಹೆಚ್ಚು ಇಳಿಸುತ್ತಿರಲಿಲ್ಲ. ಕಣ್ಣು ತಾಗಿದೆ ಎಂದು ಮೆಣಸು ಸುಟ್ಟದ್ದಾಯಿತು. ಸೊಸೈಟಿಯ ಹಿಂಡಿಯೇ ಸರಿಯಿಲ್ಲ ಎಂದು ಯಾರೋ ಹೇಳಿದರು. ಆ ಹಿಂಡಿ ತರಿಸಿದವರು ಅಪ್ಪ, ಆದ್ದರಿಂದ ಅದು ಕಾರಣವಲ್ಲ ಎಂದು ಕೂಡಲೇ ತೀರ್ಮಾನವಾಯಿತು. ಕೊನೆಗೆ ಡಾಕ್ಟ್ರಮ್ಮನಿಗೆ ಫೋನು ಹೋಯಿತು.

ಅವರು ಬಂದು ನೋಡಿದರು. ಜ್ವರವಿಲ್ಲ, ಕೆಚ್ಚಲು ಬಾವು ಇಲ್ಲ, ಮೊಲೆಯಲ್ಲಿ ಗಾಯವಿಲ್ಲ.

"ಒಂದು ಇಂಜೆಕ್ಷನ್ ಕೊಟ್ಟುಬಿಡಿ ಡಾಕ್ಟ್ರಮ್ಮ. ಹಾಲು ಇಳಿಸುದು ಅಂತ ಉಂಟಲ್ಲ, ಕೆಲವರು ಕೊಡ್ತಾರಂತೆ" ಎಂದರು ಅಪ್ಪ.

ಅಷ್ಟು ಸಾಕಾಯಿತು ಅವರಿಗೆ. "ಅಧ್ಯಕ್ಷರೇ, ನೀವೇ ಹೀಗೆ ಹೇಳಿದ್ರೆ ಹೇಗೆ? ಆ ಮದ್ದು ಅವಳ ತಲೆಯೊಳಗೇ ಉಂಟು. ಮಿದುಳಿನ ಅಡಿಯಲ್ಲಿ ಕಡಲೆಯಷ್ಟು ಒಂದು ಗ್ರಂಥಿ. ಕರು ಬಾಯಿ ಹಾಕಿದ ಕೂಡ್ಲೆ, ಇಲ್ಲ ಅಭ್ಯಾಸದ ಕೈ ತಾಗಿದ ಕೂಡ್ಲೆ ಅಲ್ಲಿಂದ ಆಕ್ಸಿಟೋಸಿನ್ ಹೊರಟು ಕೆಚ್ಚಲಿಗೆ ಬಂದು ಹಾಲಿನ ಚೀಲ ಹಿಂಡ್ತದೆ. ಹೆದರಿದ್ರೆ ಅಡ್ರಿನಲಿನ್ ಬಂದು ಅದಕ್ಕೆ ಅಡ್ಡ ನಿಲ್ತದೆ. ಇವಳು ಯಾವುದಕ್ಕೋ ಹೆದರಿದ್ದಾಳೆ. ಎಂತದಕ್ಕೆ ಅಂತ ನೋಡುವ. ಅಕ್ಕ, ನೀವು ಕರೀರಿ. ನಾನು ಕಾಣದ ಹಾಗೆ ನಿಲ್ತೇನೆ."

ಅವರು ಗೋಡೆಯ ಹೊರಗೆ ಬೈಹುಲ್ಲಿನ ಕಟ್ಟಿನ ಹಿಂದೆ ಅಡಗಿ, ಕಿಂಡಿಯಲ್ಲಿ ನೋಡಿದರು. ನೋಡುತ್ತ ನೋಡುತ್ತ ಅವರ ಮುಖ ಬದಲಾಯಿತು. ಅವರು ಹಸುವನ್ನು ಬಿಟ್ಟು ಅಮ್ಮನ ಕೈಗಳನ್ನೇ ನೋಡುತ್ತಿದ್ದರು. ಒಳಗೆ ಬಂದು ಅಮ್ಮನಿಗೆ ಎರಡೂ ಕೈ ಮುಂದೆ ಚಾಚಲು ಹೇಳಿ, ಅದರ ಮೇಲೆ ಅಪ್ಪನ ಪೇಪರಿನ ಒಂದು ಹಾಳೆ ಇಟ್ಟರು. ಗಾಳಿಯೇ ಇಲ್ಲದ ಹಟ್ಟಿಯಲ್ಲಿ ಆ ಹಾಳೆ ಪಟಪಟ ನಡುಗಿತು. ನಾಡಿ ಹಿಡಿದು ವಾಚು ನೋಡಿದರು. ಒಂದು ಗುಟುಕು ನೀರು ಕುಡಿಸಿದರು. ನುಂಗುವಾಗ ಅಮ್ಮನ ಗಂಟಲಲ್ಲಿ ಒಂದು ಗಡ್ಡೆ ಮೇಲೆ ಹೋಗಿ ಕೆಳಗೆ ಬಂದದ್ದು ನನ್ನ ಕಣ್ಣಿಗೂ ಬಿತ್ತು.

"ಬೊಳ್ಳಿಗೆ ಎಂತದೂ ಇಲ್ಲ ಅಧ್ಯಕ್ಷರೇ. ಅಕ್ಕನ ಕೈ ನಡುಗುದು ಅವಳಿಗೆ ಗೊತ್ತಾಗಿದೆ, ನಿಮಗೆ ಗೊತ್ತಾಗ್ಲಿಲ್ಲ. ನಾನು ದನದ ಡಾಕ್ಟ್ರು, ಮನುಷ್ಯರಿಗೆ ಮದ್ದು ಬರೀಲಿಕ್ಕಿಲ್ಲ. ನಾಳೆಯೇ ಪುತ್ತೂರಿಗೆ ಕರ್ಕೊಂಡು ಹೋಗಿ. ಥೈರಾಯ್ಡ್ ನೋಡಿ ಅಂತ ಹೇಳಿ."

ಅಮ್ಮನಿಗೆ ಗಡ್ಡೆಗಿಂತ ಅವಮಾನ ದೊಡ್ಡದಾಯಿತು. "ಕಡೆಗೆ ನನ್ನನ್ನು ದನದ ಡಾಕ್ಟ್ರಿಗೆ ತೋರಿಸಿದ್ದಾ?" ಎಂದು ಆ ದಿನವಿಡೀ ಅಪ್ಪನೊಡನೆ ಜಗಳ.

ಪುತ್ತೂರಿನ ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ ಅದನ್ನೇ ಹೇಳಿದರು. ಕತ್ತಿನ ಗ್ರಂಥಿ ಬೇಕಾದ್ದಕ್ಕಿಂತ ಹೆಚ್ಚು ಸುರಿಸುತ್ತಿದೆ, ಗಡ್ಡೆ ಬೆಳೆದು ಉಸಿರಿನ ನಾಳವನ್ನೂ ಒತ್ತಲು ತೊಡಗಿದೆ. ಮೊದಲು ಮಾತ್ರೆಯಲ್ಲಿ ಹತೋಟಿಗೆ ತರಬೇಕು, ಆಮೇಲೆ ಆಪರೇಷನ್. ಇದನ್ನು ನಮಗೆ ಬಿಡಿಸಿ ಹೇಳಿದವರು ಮತ್ತೆ ಡಾಕ್ಟ್ರಮ್ಮನೇ. "ಟ್ಯಾಂಕಿ ತುಂಬಿದ್ರೆ ಮೇಲಿಂದ ಒಬ್ಬ ಕೂಗ್ತಾನೆ, ಕೆಳಗೆ ಇನ್ನೊಬ್ಬ ಪಂಪ್ ನಿಲ್ಲಿಸ್ತಾನೆ. ಮೈಯೊಳಗೆ ಎಲ್ಲ ಗ್ರಂಥಿಗೂ ಹೀಗೇ. ಸಾಕು ಅಂದ ಕೂಡ್ಲೆ ನಿಲ್ಲಿಸ್ಬೇಕು. ಅಕ್ಕನ ಈ ಗಡ್ಡೆಗೆ ಕಿವಿಯೇ ಇಲ್ಲ. ತಲೆಯಿಂದ ಎಷ್ಟು ಕೂಗಿದ್ರೂ ಪಂಪ್ ಓಡ್ತಾ ಉಂಟು."

ಮಾತ್ರೆ ಶುರುವಾದ ಮೇಲೆ ಅಮ್ಮನ ಕೈ ನಡುಕ ನಿಂತಿತು, ಬೊಳ್ಳಿ ಮತ್ತೆ ಹಾಲು ಬಿಟ್ಟಳು. ಅಲ್ಲಿಗೆ ಅಮ್ಮ ತಿರುಗಿ ಬಿದ್ದಳು. ಆಪರೇಷನ್ ಬೇಡವೇ ಬೇಡ. ಎಲ್ಲ ಸರಿಯಾಗಿದೆಯಲ್ಲ? ತಾನು ಆಸ್ಪತ್ರೆಯಲ್ಲಿ ಮಲಗಿದರೆ ಬೊಳ್ಳಿಯ ಹಾಲು ಕರೆಯುವವರು ಯಾರು? ಕರೆಯದೆ ಬಿಟ್ಟರೆ ಕೆಚ್ಚಲು ಬಾತು ಹಸು ಸಾಯುವುದಿಲ್ಲವೇ? ನಾನು ಅತ್ತೆ, ರೇಗಿದೆ, ಹಾಸ್ಟೆಲಿಗೆ ಹೋಗುವುದಿಲ್ಲ ಎಂದು ಹಟ ಹಿಡಿದೆ. ಮಲಗಿದರೆ ಅವಳ ಉಸಿರಿನಲ್ಲಿ ಒಂದು ಸಣ್ಣ ಸಿಳ್ಳೆ ಕೇಳುತ್ತಿತ್ತು. ಆ ಸಿಳ್ಳೆ ಕೇಳಿಸುವಾಗೆಲ್ಲ ಅಮ್ಮ ನಮ್ಮ ಕೈತಪ್ಪಿ ಹೋಗುತ್ತಾಳೆಂದು ನನಗೆ ಹೆದರಿಕೆಯಾಗುತ್ತಿತ್ತು. ಆಸ್ಪತ್ರೆಯವರು ಕೊಟ್ಟ ದಿನ ಹತ್ತಿರ ಬರುತ್ತಿತ್ತು.

ಡಾಕ್ಟ್ರಮ್ಮ ಬಂದು ಅಮ್ಮನ ಮಾತನ್ನು ಪೂರಾ ಕೇಳಿದರು. ಆಮೇಲೆ ನನ್ನ ಕಿವಿಯಲ್ಲಿ, "ಹೆದರಿಕೆ ನಿನ್ನ ಅಮ್ಮನದ್ದು, ಹೆಸರು ಬೊಳ್ಳಿಯದ್ದು" ಎಂದರು. ಜೋರಾಗಿ ಮಾತ್ರ, "ಅಕ್ಕ, ಬೊಳ್ಳಿ ಅಧ್ಯಕ್ಷರ ಕೈಗೆ ಹಾಲು ಕೊಟ್ರೆ ಹೋಗ್ತೀರಾ?" ಎಂದು ಕೇಳಿದರು.

ಅಮ್ಮ ಅಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿ ನಕ್ಕಳು. "ಇವರ ಕೈಗಾ? ಕೊಟ್ರೆ ಹೋಗ್ತೇನೆ."

"ಮಾತು ಮಾತೇ ಅಲ್ವಾ?"

"ಮಾತು ಮಾತೇ."

"ಹಾಗಾದ್ರೆ ಈಗ ಹಾಕಿಕೊಂಡ ನೈಟಿ ತೆಗೆದಿಡಿ. ಒಗೀಬೇಡಿ. ಅಧ್ಯಕ್ಷರೇ, ನಾಳೆ ಬೆಳಿಗ್ಗೆ ನೀವು ಅದನ್ನು ಹಾಕಿಕೊಂಡು ಕೂತ್ಕೊಳ್ಳುದು. ಹಸುವಿಗೆ ಮುಖಕ್ಕಿಂತ ವಾಸನೆ ಮುಖ್ಯ."

ಅಪ್ಪ ಕುರ್ಚಿಯಿಂದ ಎದ್ದರು. "ಎಂತ? ನಾನಾ? ನೈಟಿಯಾ?"

"ನೈಟಿ ಆಗದಿದ್ರೆ ಸೀರೆ ಉಡಿ. ನನ್ನದೇನೂ ಅಭ್ಯಂತರ ಇಲ್ಲ."

ನಮ್ಮ ಕಡೆ ಇದು ಹೊಸ ಉಪಾಯವಲ್ಲ. ಹೆಂಡತಿ ಬಾಣಂತನಕ್ಕೋ ಮದುವೆಗೋ ಹೋದಾಗ ಅವಳ ನೈಟಿ ಹಾಕಿಕೊಂಡು ಹಾಲು ಕರೆಯುವ ಗಂಡಸರು ಇದ್ದಾರೆ. ಹೇಳಿಕೊಳ್ಳುವವರು ಇಲ್ಲ, ಅಷ್ಟೆ. ಆದರೆ ಸೊಸೈಟಿಯ ಅಧ್ಯಕ್ಷರು! ಅಪ್ಪ ಮುಖ ಊದಿಸಿಕೊಂಡು ಸ್ವಲ್ಪ ಹೊತ್ತು ಅಂಗಳದಲ್ಲಿ ಅತ್ತಿಂದಿತ್ತ ನಡೆದರು. ಹಿಂದಿರುಗಿ ಬಂದಾಗ ಅವರು ಅಮ್ಮನ ಕತ್ತಿನ ಕಡೆ ನೋಡಿದ್ದನ್ನು ನಾನು ಕಂಡೆ. "ಈ ವಿಷಯ ಈ ಹಟ್ಟಿಯಿಂದ ಹೊರಗೆ ಹೋಗಬಾರದು" ಎಂದರು. ಡಾಕ್ಟ್ರಮ್ಮ ಅಂಗಿಯೊಳಗಿಂದ ಶಿಲುಬೆ ತೆಗೆದು ಅದರ ಮೇಲೆ ಕೈಯಿಟ್ಟರು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಅವರು ಸ್ಕೂಟರನ್ನು ದೂರದಲ್ಲೇ ಬಿಟ್ಟು, ನಡೆದು ಬಂದು, ಬೈಹುಲ್ಲಿನ ಹಿಂದೆ ಕುಳಿತರು. ನಾನು ಹಟ್ಟಿಯ ಬಾಗಿಲಲ್ಲಿ. ಅಮ್ಮ ಅಡಿಗೆಮನೆಯ ಕಿಟಕಿಯಲ್ಲಿ. ಅಪ್ಪ ಹೊರಬಂದರು. ನೀಲಿ ಹೂವಿನ ನೈಟಿ, ಅದರ ಕೆಳಗೆ ಮೊಣಕಾಲಿನಿಂದ ಪಾದದವರೆಗೆ ಅಪ್ಪನ ರೋಮದ ಕಾಲುಗಳು, ತಲೆಗೆ ಸುತ್ತಿದ ಅಮ್ಮನ ತೋರ್ತು ವಸ್ತ್ರ. ನನ್ನ ನಗು ತಡೆಯಲು ನಾನು ಶಾಲು ಬಾಯಿಗೆ ತುರುಕಿಕೊಂಡೆ. ಬೈಹುಲ್ಲಿನ ಕಟ್ಟು ಕುಲುಕುತ್ತಿತ್ತು.

ಬೊಳ್ಳಿ ತಿರುಗಿ ನೋಡಿದಳು. ನೈಟಿಯನ್ನು ಮೂಸಿದಳು. ಮುಖ ನೋಡಿದಳು. ಮತ್ತೆ ನೈಟಿಯನ್ನು ಮೂಸಿದಳು. ಒದೆಯಲಿಲ್ಲ. ಕರುವನ್ನು ಬಿಟ್ಟು ಹಿಂದಕ್ಕೆಳೆದು ಅಪ್ಪ ಕುಳಿತು ಮೊಲೆ ಹಿಡಿದರು. ಹಾಲಿಲ್ಲ.

"ಸುಮ್ಮನೆ ಕೂತ್ರೆ ಆಗುದಿಲ್ಲ, ಅಕ್ಕ ಮಾತಾಡುವ ಹಾಗೆ ಮಾತಾಡ್ಬೇಕು!" ಹುಲ್ಲಿನ ಹಿಂದಿನಿಂದ ಪಿಸುಮಾತು. ಅವರ ಪಿಸುಮಾತು ರಸ್ತೆಗೂ ಕೇಳುತ್ತಿತ್ತು.

ಅಪ್ಪ ಗಂಟಲು ಸರಿಮಾಡಿ, "ನಿಲ್ಲು ಬೊಳ್ಳಿ" ಎಂದರು, ಸಭೆಯ ಸ್ವರದಲ್ಲಿ. ಬೊಳ್ಳಿ ಕಾಲು ಎತ್ತಿದಳು.

"ಅಯ್ಯೋ, ಅರೆಭಾಷೆಯಲ್ಲಿ ಅಧ್ಯಕ್ಷರೇ, ಅರೆಭಾಷೆಯಲ್ಲಿ!"

ಅಪ್ಪ ಕಿಟಕಿಯ ಕಡೆ ನೋಡಲಿಲ್ಲ. ತಲೆ ತಗ್ಗಿಸಿ, ಹಣೆಯನ್ನು ಬೊಳ್ಳಿಯ ಹೊಟ್ಟೆಗೆ ಆನಿಸಿ, ನಾನು ಅದುವರೆಗೆ ಕೇಳಿರದ ಒಂದು ಮೆತ್ತಗಿನ ಸ್ವರದಲ್ಲಿ ಹೇಳಿದರು: "ನಿಲ್ಲ್ ಗೂಡೆ. ನಿಲ್ಲ್."

ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಪಾತ್ರೆಯ ತಳಕ್ಕೆ ಒಂದು ಧಾರೆ ಬಿದ್ದ ಸದ್ದು. ಇನ್ನೊಂದು. ಮತ್ತೆ ಸರ್ ಸರ್ ಎಂದು ಬಿಡದೆ. ಅಪ್ಪ ಅಳುತ್ತಿದ್ದರೋ ನಗುತ್ತಿದ್ದರೋ ನನಗೆ ಗೊತ್ತಾಗಲಿಲ್ಲ, ಹೆಗಲು ಮಾತ್ರ ಅಲುಗುತ್ತಿತ್ತು. ತಿರುಗಿ ನೋಡಿದರೆ ಕಿಟಕಿಯಲ್ಲಿ ಅಮ್ಮ ಇರಲಿಲ್ಲ. ಒಳಗೆ ಹೋದೆ. ಅವಳು ಆಸ್ಪತ್ರೆಗೆ ಒಯ್ಯುವ ಚೀಲಕ್ಕೆ ಬಟ್ಟೆ ತುಂಬುತ್ತಿದ್ದಳು.

ಆಪರೇಷನ್ ಚೆನ್ನಾಗಿಯೇ ಆಯಿತು. ಅಮ್ಮ ಕತ್ತಿಗೆ ಬಿಳಿ ಪಟ್ಟಿ ಕಟ್ಟಿಕೊಂಡು ಬಂದವಳು ಮೊದಲು ಹೋದದ್ದು ಹಟ್ಟಿಗೆ. ಗ್ರಂಥಿ ಮಾಡುತ್ತಿದ್ದ ಕೆಲಸವನ್ನು ಈಗ ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗುವ ಒಂದು ಸಣ್ಣ ಮಾತ್ರೆ ಮಾಡುತ್ತದೆ. ಅದನ್ನು ಮರೆತರೆ ಡಾಕ್ಟ್ರಮ್ಮ ಫೋನಿನಲ್ಲೇ ಬೈಯುತ್ತಿದ್ದರು. ಅಮ್ಮನಿಗೆ ಅವರ ಮೇಲೆ ಎಷ್ಟು ಪ್ರೀತಿ ಹುಟ್ಟಿತೆಂದರೆ, ಒಂದು ದಿನ ಪಾತ್ರೆಯನ್ನು ಅವರ ಕೈಗೇ ಕೊಟ್ಟು, "ಒಮ್ಮೆ ನೀವು ಕರೀರಿ ಡಾಕ್ಟ್ರೇ" ಎಂದಳು.

ಅವರು ಬೇಡ ಬೇಡ ಎನ್ನುತ್ತಲೇ ಕುಳಿತರು. ಬೊಳ್ಳಿ ಆ ಮದ್ದಿನ ವಾಸನೆಗೆ ಕಣ್ಣು ದೊಡ್ಡದು ಮಾಡಿ, ಪಾತ್ರೆಯನ್ನು ಒದ್ದು ಗೋಡೆಗೆ ಹಾರಿಸಿದಳು. ಡಾಕ್ಟ್ರಮ್ಮ ಎದ್ದು ಬಟ್ಟೆ ಕೊಡವಿಕೊಂಡು ನಕ್ಕರು. "ನೋಡಿದ್ರಾ? ಇಡೀ ತಾಲೂಕಿನ ಹಸುಗಳ ಹಾಲು ಇಳಿಯುದು ಹೇಗೆ ಅಂತ ನನಗೆ ಗೊತ್ತುಂಟು. ನನ್ನ ಕೈಗೆ ಒಂದೂ ಇಳಿಸುದಿಲ್ಲ." ನಕ್ಕದ್ದೇನೋ ಹೌದು. ಗಂಬೂಟು ತೊಳೆಯಲು ನಳ್ಳಿಯ ಹತ್ತಿರ ಹೋದವರು ತುಂಬ ಹೊತ್ತು ಬರಲಿಲ್ಲ. ನನಗೆ ಅಂದು ಅವರ ಮೇಲೆ ತುಂಬ ಮರುಕವಾಯಿತು.

ಇನ್ನೊಂದು ಮಾತು. ಡಾಕ್ಟ್ರಮ್ಮನ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎಂದು ಊರಿಗೆಲ್ಲ ಗೊತ್ತು. ಯಾರ ಎಮ್ಮೆ ಗಬ್ಬವಾಗಿದೆ, ಯಾರು ಹಾಲಿಗೆ ನೀರು ಬೆರೆಸುತ್ತಾರೆ, ಎಲ್ಲವೂ ಅವರಿಂದ ಚಾದ ಅಂಗಡಿಗೆ ಬರುತ್ತಿತ್ತು. ಆದರೆ ನೈಟಿಯ ವಿಷಯ ಇಷ್ಟು ವರ್ಷ ಹೊರಗೆ ಬರಲಿಲ್ಲ. ಅಪ್ಪ ಎದುರಾದಾಗ ಒಮ್ಮೆ ಕಣ್ಣು ಮಿಟುಕಿಸುತ್ತಿದ್ದರು, ಅಷ್ಟೆ.

ಅವರು ನಿವೃತ್ತರಾದಾಗ ಸೊಸೈಟಿಯ ಮಾಳಿಗೆಯಲ್ಲಿ ಬೀಳ್ಕೊಡುಗೆ. ನನಗೂ ಎರಡು ಮಾತು ಹೇಳಲು ಕರೆ ಬಂತು. ಹೊರಡುವಾಗಲೇ ಅಪ್ಪ, "ಆ ವಿಷಯ ಒಂದು ಬೇಡ, ಆಯ್ತಾ ಮಾರಾಯ್ತಿ?" ಎಂದು ಕಟ್ಟಪ್ಪಣೆ ಮಾಡಿದ್ದರು. ನಾನು ಮೈಕಿನ ರಿಕ್ಷಾದ ಕತೆ ಹೇಳಿ ಇಳಿದೆ. ಜನ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಉಪ್ಪಿಲ್ಲದ ಸಾರು ಬಡಿಸಿದ ಹಾಗಾಯಿತು.

ಡಾಕ್ಟ್ರಮ್ಮ ಕೊನೆಗೆ ಎದ್ದರು. ಶಾಲು, ಹಾರ, ಹಣ್ಣಿನ ಬುಟ್ಟಿಗಳ ನಡುವೆ ಇನ್ನೂ ಕುಳ್ಳಗೆ ಕಂಡರು. "ಇಷ್ಟು ವರ್ಷ ನಿಮ್ಮ ಹಸುಗಳಿಗೆ ಚುಚ್ಚಿದೆ. ಅವು ನನ್ನನ್ನು ಕ್ಷಮಿಸುದಿಲ್ಲ, ಅದು ನ್ಯಾಯವೇ. ಒಂದು ಆಸೆ ಉಂಟು. ಒಂದು ಹಸು ಸಾಕ್ಬೇಕು. ಅದು ನನ್ನ ಕೈಗೆ ಒಂದು ಚೆಂಬು ಹಾಲು ಕೊಡ್ಬೇಕು. ಆದ್ರೆ ಯಾವ ಹಸು ತಂದ್ರೂ ಈ ವಾಸನೆಗೆ ಓಡ್ತದೆ" ಎಂದು ತಮ್ಮ ಕೈಯನ್ನೇ ಮೂಸಿ ತೋರಿಸಿದರು. ಸಭೆ ನಕ್ಕಿತು. ಅವರು ಮಾತ್ರ ಆ ಕೈಯನ್ನೇ ನೋಡುತ್ತ ನಿಂತರು.

ಆಗ ಮುಂದಿನ ಸಾಲಿನಿಂದ ಅಪ್ಪ ಎದ್ದರು. ಯಾರೂ ಕರೆದಿರಲಿಲ್ಲ. ಬಿಳಿ ಪಂಚೆಯ ಅಂಚು ಹಿಡಿದು ವೇದಿಕೆ ಹತ್ತಿ ಮೈಕು ತೆಗೆದುಕೊಂಡರು.

"ನನ್ನ ಮಗಳು ಒಂದು ವಿಷಯ ಹೇಳ್ಲಿಲ್ಲ. ನಾನೇ ಬೇಡ ಅಂದದ್ದು. ಈಗ ನಾನೇ ಹೇಳ್ತೇನೆ" ಎಂದವರು, ನೀಲಿ ಹೂವಿನ ನೈಟಿಯಿಂದ ಶುರುಮಾಡಿ "ನಿಲ್ಲ್ ಗೂಡೆ" ಎನ್ನುವವರೆಗೆ ಒಂದೂ ಬಿಡದೆ ಹೇಳಿದರು. ಸೊಸೈಟಿಗೆ ಹಾಲು ಹಾಕುವ ಅಷ್ಟೂ ಜನ, ಕುರ್ಚಿಯಿಂದ ಬೀಳುವಷ್ಟು ನಕ್ಕರು. ಡಾಕ್ಟ್ರಮ್ಮ ಹಾರದಲ್ಲಿ ಮುಖ ಮುಚ್ಚಿಕೊಂಡರು. ಅಪ್ಪ ನಗು ನಿಲ್ಲುವವರೆಗೆ ಕಾದರು. "ಆ ದಿನ ನನಗೆ ನಾಚಿಕೆ ಆಗಿತ್ತು. ಆದ್ರೆ ಇವಳು ಇವತ್ತು ಇಲ್ಲಿ ಕೂತಿದ್ದಾಳೆ" ಎಂದು ಅಮ್ಮನ ಕಡೆ ಕೈ ತೋರಿಸಿದರು. "ಬೊಳ್ಳಿಯ ಮೊಮ್ಮಗಳು ಒಂದು ಗಬ್ಬದ ಕಡಸು ನಮ್ಮ ಹಟ್ಟಿಯಲ್ಲಿ ಉಂಟು. ಅದು ಇನ್ನು ಡಾಕ್ಟ್ರಮ್ಮನದ್ದು. ಅದರ ಮೈಗೆ ಇವರ ಸೂಜಿ ಇನ್ನೂ ತಾಗಿಲ್ಲ. ನೈಟಿಯನ್ನು ಕೂಡ ಕೊಡ್ತೇವೆ."

ಕಡಸು ನೆಲ್ಯಾಡಿಗೆ, ಡಾಕ್ಟ್ರಮ್ಮನ ಮನೆಗೆ ಹೋಯಿತು. ಅಮ್ಮ ಹೇಳಿಕಳಿಸಿದ ಪಾಠ ಕಟ್ಟುನಿಟ್ಟಾಗಿತ್ತು: ಗಂಬೂಟು ಹಾಕಬಾರದು, ಸ್ಕೂಟರು ಹತ್ತಿರ ತರಬಾರದು, ಮದ್ದಿನ ಚೀಲ ಹಟ್ಟಿಗೆ ತೋರಿಸಬಾರದು, ದಿನವೂ ಮೈ ತಿಕ್ಕಿ ಅರೆಭಾಷೆಯಲ್ಲಿ ಮಾತಾಡಿಸಬೇಕು. ಡಾಕ್ಟ್ರಮ್ಮ ಫೋನಿನಲ್ಲಿ ಅಮ್ಮನಿಂದ ಒಂದೊಂದೇ ಮಾತು ಕಲಿತರು. ಕಲಿಸುವಾಗ ಅಮ್ಮ ಅವರನ್ನು ಬೈದು ತಿದ್ದುತ್ತಿದ್ದಳು, ಇಷ್ಟು ವರ್ಷಗಳ ಮಾತ್ರೆಯ ಬೈಗುಳವನ್ನು ತೀರಿಸಿಕೊಳ್ಳುವವಳಂತೆ.

ಕರು ಹಾಕಿತೆಂದು ಸುದ್ದಿ ಬಂತು. ಗಿಣ್ಣುಹಾಲಿನ ಮೊದಲ ದಿನಗಳಲ್ಲಿ ಹಾಲನ್ನೆಲ್ಲ ಕರುವಿಗೇ ಬಿಟ್ಟರಂತೆ. ತಾವು ಕೈ ಹಾಕಲು ಧೈರ್ಯವೇ ಬರಲಿಲ್ಲವಂತೆ. "ನೀವು ಬಂದ್ರೆ ಮಾತ್ರ ಕೂತ್ಕೊಳ್ತೇನೆ" ಎಂದರು. ಮೊನ್ನೆ ಆದಿತ್ಯವಾರ ನಾವು ಮೂವರೂ ಬೆಳಿಗ್ಗೆಯ ಬಸ್ಸಿಗೆ ಹೋದೆವು. ಅಂಗಳಕ್ಕೆ ಕಾಲಿಡುವಾಗ ಅಪ್ಪ ಬಾಯಿ ತೆರೆದದ್ದನ್ನು ಅಮ್ಮ ಕೈಯಿಂದ ಮುಚ್ಚಿದಳು. ಹಟ್ಟಿಯ ಹೊರಗೆ ನಿಂತೆವು, ಕಿಂಡಿಯಲ್ಲಿ ನೋಡಿದೆವು.

ಡಾಕ್ಟ್ರಮ್ಮ ಬರಿಗಾಲಲ್ಲಿದ್ದರು. ಅಮ್ಮನ ನೀಲಿ ಹೂವಿನ ನೈಟಿ ಅವರಿಗೆ ಉದ್ದವಾಗಿ ನೆಲ ಗುಡಿಸುತ್ತಿತ್ತು. ತಲೆಯನ್ನು ಹಸುವಿನ ಹೊಟ್ಟೆಗೆ ಆನಿಸಿದ್ದರು. ಹಸು ತಿರುಗಿ ಮೂಸಿತು. ಡಾಕ್ಟ್ರಮ್ಮನ ಎರಡೂ ಕೈ ನಡುಗುತ್ತಿದ್ದವು, ನನಗೆ ಸ್ಪಷ್ಟ ಕಾಣುತ್ತಿತ್ತು. ಅಮ್ಮನಿಗೂ ಕಂಡಿತು. ಅವಳು ಸದ್ದು ಮಾಡದೆ ಒಳಗೆ ಹೋಗಿ, ಅವರ ಹಿಂದೆ ಕುಕ್ಕರಗಾಲಲ್ಲಿ ಕುಳಿತು, ತನ್ನ ಅಂಗೈಯನ್ನು ಅವರ ಬೆನ್ನಿನ ಮೇಲೆ ಇಟ್ಟಳು. ಆ ಕೈಗಳ ನಡುಕ ನಿಧಾನವಾಗಿ ನಿಂತಿತು.

"ನಿಲ್ಲ್ ಗೂಡೆ" ಎಂದರು ಡಾಕ್ಟ್ರಮ್ಮ, ಮಲಯಾಳದ ರಾಗದಲ್ಲಿ.

ಪಾತ್ರೆಯ ತಳಕ್ಕೆ ಹಾಲು ಬಿತ್ತು. ಆಕ್ಸಿಟೋಸಿನ್ ಬಗ್ಗೆ ಒಂದು ಮಾತೂ ಬರಲಿಲ್ಲ ಅವರ ಬಾಯಿಂದ. ಪಾತ್ರೆ ತುಂಬುವವರೆಗೆ ಅವರು ತಲೆ ಎತ್ತಲಿಲ್ಲ, ಅಮ್ಮ ಕೈ ತೆಗೆಯಲಿಲ್ಲ.